ದ್ವಿಕಛೇರಿ ನಿರ್ಣಯ: ಏಕದಿನದಲ್ಲಿ ಎರಡು ರಾಕ್ ಕಛೇರಿ ಕೇಳುವ ಶಾಸ್ತ್ರ

ವಿಷಯ, ವ್ಯಾಪ್ತಿ

ಒಂದೇ ದಿನ ಎರಡು ರಾಕ್ ಕಛೇರಿಗಳಿಗೆ ಖುದ್ದು ಹಾಜರಾಗುವುದು ಶಾಸ್ತ್ರಸಮ್ಮತವೇ? ಸಮ್ಮತವೆಂದಾದರೆ ಆ 'ಒಂದು ದಿನ' ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ? ಪ್ರಸ್ತುತ ಪ್ರಬಂಧ ಕೈಗೆತ್ತಿಕೊಂಡಿರುವುದು ಈ ಎರಡು ಪ್ರಶ್ನೆಗಳನ್ನು. ವ್ಯಾಪ್ತಿ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ. ಈ ನಾಲ್ಕೇ ಯಾಕೆ ಎಂದರೆ, ತುಮಕೂರು ಜಿಲ್ಲೆಯೊಳಗೆ ಶಿಕ್ಷಣ ಇಲಾಖೆ ಈ ನಾಲ್ಕು ತಾಲ್ಲೂಕುಗಳನ್ನು ಬೇರೆ ತೆಗೆದು 'ಮಧುಗಿರಿ ಶೈಕ್ಷಣಿಕ ಜಿಲ್ಲೆ' ಎಂದು ಹೆಸರಿಟ್ಟಿದೆ. ಶಿಕ್ಷಣಕ್ಕೇ ಪ್ರತ್ಯೇಕ ಜಿಲ್ಲೆಯಿರುವ ನಾಡಿಗೆ ಪ್ರತ್ಯೇಕ ಸಿದ್ಧಾಂತವೊಂದು ಇಲ್ಲದಿರುವುದು ಶೋಭೆಯಲ್ಲ. ಮೇಲಾಗಿ ಯಾವುದೇ ಶಾಸ್ತ್ರಗ್ರಂಥಕ್ಕೆ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ಅನುಬಂಧ ಚತುಷ್ಟಯ ಬೇಕು. ತಾಲ್ಲೂಕುಗಳೂ ನಾಲ್ಕೇ. ಇದನ್ನು ಕಾಕತಾಳೀಯ ಎನ್ನುವವರು ಮುಂದಕ್ಕೆ ಓದುವ ಶ್ರಮ ತೆಗೆದುಕೊಳ್ಳಬೇಕಿಲ್ಲ.

ರಾಕ್ ಲಕ್ಷಣ

ಪೂರ್ವಪಕ್ಷ ಹೀಗಿದೆ: ರಾಕ್ ಕಛೇರಿ ಎಂಬುದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಾತ್ರ ಸಂಭವಿಸುತ್ತದೆ. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅಲ್ಲಿಗೇ ಬಂದವು, ಕೊರಟಗೆರೆ ಬಸ್‌ಸ್ಟ್ಯಾಂಡಿಗೆ ಬರಲಿಲ್ಲ.

ಸಿದ್ಧಾಂತಿಯ ಉತ್ತರ: ಬಂದದ್ದು ನಿಜ, ಆದರೆ ವರ್ಷಗಟ್ಟಲೆ ಕಾದರೆ ಒಂದು. ಅಂಥದ್ದನ್ನು ಒಂದೇ ದಿನ ಎರಡು ಎಲ್ಲಿಂದ ತರುವುದು? ಲಕ್ಷಣವು ಲಕ್ಷ್ಯವನ್ನೇ ಇಲ್ಲವಾಗಿಸುವುದಾದರೆ ಬದಲಿಸಬೇಕಾದದ್ದು ಲಕ್ಷಣವನ್ನು.

ಹಾಗಾಗಿ ಹೊಸ ಲಕ್ಷಣ. ನಾದವು ಕಿವಿಗೆ ಮುಂಚೆ ಎದೆಗೂಡಿಗೆ ತಾಗಬೇಕು. ಡೀಪ್ ಪರ್ಪಲ್ ತಂಡ 1972ರಲ್ಲಿ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ 117 ಡೆಸಿಬಲ್ ಎಬ್ಬಿಸಿ ಗಿನ್ನೆಸ್ ಪುಸ್ತಕ ಸೇರಿತು. ನಮ್ಮಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ ಹೊತ್ತು ನಿಗದಿಯಾಗಿರುವ ಮಿತಿ 45. ಈ ಎರಡು ಅಂಕಿಗಳ ನಡುವಿನ ವಿಶಾಲ ಬಯಲಲ್ಲಿ ಸದರಿ ನಾಲ್ಕು ತಾಲ್ಲೂಕುಗಳ ಸಂಗೀತ ಜೀವನ ನಡೆದಿದೆ. ಅರೆ, ಉರುಮೆ, ತಮಟೆಗಳಿಗೆ ಕರೆಂಟು ಬೇಡ, ಒಂದು ಹಿಡಿ ಒಣಹುಲ್ಲು ಸಾಕು. ಬೆಂಕಿ ಮಾಡಿ ಚರ್ಮ ಕಾಯಿಸಿದರೆ ಶ್ರುತಿ ತಾನಾಗಿ ಏರುತ್ತದೆ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸಿದ್ಧಾಂತವನ್ನು ಕೇಂದ್ರ ಸರ್ಕಾರವೂ ತಡವಾಗಿ ಒಪ್ಪಿದಂತಾಯಿತು.

ಎರಡನೆಯ ಲಕ್ಷಣ, ಪ್ರೇಕ್ಷಕರು ಮಧ್ಯೆ ಮಧ್ಯೆ ಕೂಗಬೇಕು. ಇದಕ್ಕೆ ಪ್ರಮಾಣ ಕೊಡುವುದು ಕಾಲಹರಣ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ: ಕಲಾವಿದನಿಗೆ ನಷ್ಟವಾಗಬೇಕು. ಇಲ್ಲಿ ಅರಮನೆ ಮೈದಾನ ಸೋಲುತ್ತದೆ, ಅಲ್ಲಿ ನಷ್ಟವೆಲ್ಲ ಟಿಕೆಟ್ ಕೊಂಡವನದು. ನಮ್ಮ ಹಳ್ಳಿಯ 'ಕುರುಕ್ಷೇತ್ರ' ನಾಟಕದಲ್ಲಿ ಪಾತ್ರಧಾರಿಯೇ ದುಡ್ಡು ಕೊಟ್ಟು ಪಾತ್ರ ಹಿಡಿಯುತ್ತಾನೆ. ಸೈನಿಕನಿಗೆ ಕಡಿಮೆ, ಕೃಷ್ಣನಿಗೆ ಹೆಚ್ಚು, ದುರ್ಯೋಧನನಿಗೆ ಅದಕ್ಕಿಂತ ಹೆಚ್ಚು. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಎದುರು ಕೂತು ಕಂದ, ವೃತ್ತ ಕಲಿಯುತ್ತಾನೆ. ಸೀನರಿ, ಡ್ರೆಸ್ಸು, ಪಾತ್ರವರ್ಗದವರೆಲ್ಲರ ಫೋಟೋ ಇರುವ ಫ್ಲೆಕ್ಸು, ಪೇಟೆಯಿಂದ ಕರೆಸಿದ ದ್ರೌಪದಿ, ಎಲ್ಲಕ್ಕೂ ಚಂದಾ. ಕುರಿ ಮಾರಿ ಭೀಮನಾಗುವ ಮನುಷ್ಯನ ಮುಂದೆ ಗಿಟಾರ್ ಒಡೆಯುವವನ ತ್ಯಾಗ ಯಾವ ಲೆಕ್ಕ! (1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯವರು ಇದೇ ಕುರುಕ್ಷೇತ್ರಕ್ಕೆ ರಂಗದ ಮೇಲೆ ಆನೆ, ಕುದುರೆ ತಂದಿದ್ದರು. ಆದರೆ ಗುಬ್ಬಿ ಬೇರೆ ಶೈಕ್ಷಣಿಕ ಜಿಲ್ಲೆಗೆ ಸೇರಿರುವುದರಿಂದ ಈ ಪ್ರಬಂಧ ಅದನ್ನು ಆವರಣ ಚಿಹ್ನೆಯೊಳಗಷ್ಟೇ ಗೌರವಿಸುತ್ತದೆ.)

ಈ ಲಕ್ಷಣಗಳಂತೆ ಜಾತ್ರೆಯ ರಸಮಂಜರಿ ಮೊದಲನೆಯ ಕಛೇರಿ, ಕುರುಕ್ಷೇತ್ರ ಎರಡನೆಯದು. ರಸಮಂಜರಿಯಲ್ಲಿ ಗಾಯಕನಿಗೆ ಸಂಭಾವನೆ ಇದೆಯಲ್ಲ ಎಂಬ ಆಕ್ಷೇಪ ಬರಬಹುದು. ಸಂಭಾವನೆ ಕೈಗೆ ಬರುವ ತಾರೀಖನ್ನು ನೋಡಿದವರು ಈ ಆಕ್ಷೇಪ ಎತ್ತುವುದಿಲ್ಲ.

ಪೂರ್ವಸೂರಿ

ಈ ಮಾರ್ಗದಲ್ಲಿ ಹಿಂದೆ ನಡೆದವರಲ್ಲಿ ಫಿಲ್ ಕಾಲಿನ್ಸ್ ಪ್ರಸಿದ್ಧ. 1985ರ ಜುಲೈ 13ರ 'ಲೈವ್ ಏಡ್' ದಿನ ಆತ ಲಂಡನ್ನಿನ ವೆಂಬ್ಲಿಯಲ್ಲಿ ಹಾಡಿ, ಕಾಂಕಾರ್ಡ್ ವಿಮಾನ ಹತ್ತಿ ಅಟ್ಲಾಂಟಿಕ್ ದಾಟಿ, ಅದೇ ದಿನ ಫಿಲಡೆಲ್ಫಿಯಾದ ವೇದಿಕೆಯಲ್ಲೂ ಹಾಡಿದ. ಅಷ್ಟು ಸಾಲದೆಂದು ಲೆಡ್ ಜೆಪೆಲಿನ್ ತಂಡಕ್ಕೆ ಡ್ರಮ್ಸ್ ಬೇರೆ ನುಡಿಸಿದ. ಸಾಹಸ ದೊಡ್ಡದೇ. ಆದರೆ ಪರಿಶೀಲಿಸಿದರೆ ಎರಡು ದೋಷ ಕಾಣುತ್ತವೆ. ಆತ ಹೋದದ್ದು ಹಾಡಲು, ಕೇಳಲು ಅಲ್ಲ. ಹಾಡುವವನಿಗೆ ಕುರ್ಚಿ ಹಿಡಿಯುವ ಕಷ್ಟವಿಲ್ಲ. ಇನ್ನೊಂದು, ಫಿಲಡೆಲ್ಫಿಯಾದ ಗಡಿಯಾರ ಲಂಡನ್ನಿಗಿಂತ ಐದು ಗಂಟೆ ಹಿಂದಿದೆ. ಅಂದರೆ ಆತನಿಗೆ ಐದು ಗಂಟೆ ಬಿಟ್ಟಿ ಸಿಕ್ಕಿತು. ಕೊರಟಗೆರೆಯಿಂದ ಮಧುಗಿರಿಗೆ 20 ಕಿಲೋಮೀಟರಿನಷ್ಟು ದಾರಿ, ಹೋಗುವಾಗಲೂ ಬರುವಾಗಲೂ ಗಡಿಯಾರ ಒಂದೇ. ಪಾವಗಡದ ಬಸ್ಸು ನಡುವೆ ಆಂಧ್ರ ಹೊಕ್ಕು ಹೊರಬರುತ್ತದಾದರೂ, ಅಲ್ಲಿ ಬದಲಾಗುವುದು ಬೋರ್ಡುಗಳ ಅಕ್ಷರ ಮಾತ್ರ.

ದಿನ ನಿರ್ಣಯ

ಈಗ ಗ್ರಂಥದ ಹೃದಯಕ್ಕೆ ಬಂದೆವು. ಇಂಗ್ಲಿಷ್ ಕ್ಯಾಲೆಂಡರಿನಂತೆ ದಿನ ನಡುರಾತ್ರಿ ತೀರಿಹೋಗುತ್ತದೆ. ಕುರುಕ್ಷೇತ್ರವೋ, ಆ ಹೊತ್ತಿಗೆ ಇನ್ನೂ ದ್ಯೂತದ ಪ್ರಸಂಗದಲ್ಲಿರುತ್ತದೆ. ಹಾಗಾದರೆ ಕೇಳುಗ ಮೊದಲ ದಿನ ಒಂದೂಕಾಲು ಕಛೇರಿ, ಮರುದಿನ ಮುಕ್ಕಾಲು ಕಛೇರಿ ಕೇಳಿದಂತೆ. ಇದು ಅವಮಾನಕರ.

ಪಂಚಾಂಗ ಕೈಬಿಡುವುದಿಲ್ಲ. ಅದರ ಪ್ರಕಾರ ದಿನವೆಂದರೆ ಸೂರ್ಯೋದಯದಿಂದ ಸೂರ್ಯೋದಯಕ್ಕೆ 60 ಘಳಿಗೆ. ಶಿವರಾತ್ರಿಯ ಜಾಗರಣೆಯನ್ನು ಯಾರೂ ಎರಡು ದಿನದ ಹಬ್ಬ ಎಂದು ಕರೆದದ್ದಿಲ್ಲ. ಯುಗಾದಿಯ ಆಸುಪಾಸು ಹಗಲು ರಾತ್ರಿ ಸಮ, ಆದ್ದರಿಂದ ರಾತ್ರಿಗೆ ಬರುವುದು 30 ಘಳಿಗೆ. ಘಳಿಗೆ ಎಂದರೆ 24 ನಿಮಿಷ. ರಸಮಂಜರಿಗೆ 8, ದಾರಿಗೆ 2, ನಾಟಕಕ್ಕೆ 20. ಶೇಷ ಸೊನ್ನೆ! ಇಷ್ಟು ಸ್ವಚ್ಛವಾದ ಲೆಕ್ಕ ಗ್ರಾಮ ಪಂಚಾಯಿತಿಯ ಆಡಿಟ್‌ನಲ್ಲೂ ಸಿಗದು.

ಲೆಕ್ಕ ಕೆಡುವುದು ಆಚರಣೆಯಲ್ಲಿ. ರಸಮಂಜರಿ ಮಾನ್ಯ ಶಾಸಕರು ಬರುವವರೆಗೆ ಆರಂಭವಾಗುವುದಿಲ್ಲ. ಅಲ್ಲಿಯವರೆಗೆ ನಡೆಯುವುದು ಹಲೋ, ಮೈಕ್ ಟೆಸ್ಟಿಂಗ್. ಬಂದ ಮೇಲೆ ಶಾಲು, ಮೈಸೂರು ಪೇಟ, ಹಾರ, ಫಲತಾಂಬೂಲ. ಸನ್ಮಾನಿತರು ಎಷ್ಟು ಮಂದಿಯೋ ಅಷ್ಟು ಮಾತು. ಗಣಪತಿಯ ಹಾಡು ಮುಗಿದದ್ದೇ ರಾಜ್ ಅಭಿಮಾನಿಗಳ ಚೀಟಿ ಒಂದು ಕಡೆಯಿಂದ, ವಿಷ್ಣು ಅಭಿಮಾನಿಗಳ ಚೀಟಿ ಇನ್ನೊಂದು ಕಡೆಯಿಂದ. ಅಪ್ಪು ಹಾಡು ಬಂದಾಗ ಮಾತ್ರ ಎರಡೂ ಕಡೆಯವರು ಒಟ್ಟಿಗೆ ಮೊಬೈಲ್ ಟಾರ್ಚು ಹಚ್ಚುತ್ತಾರೆ.

ಇನ್ನು ಕಾನೂನು. 2000ದ ಶಬ್ದ ಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ನಿಷಿದ್ಧ. ಹಬ್ಬಕ್ಕೆಂದು ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ 12ರವರೆಗೆ ಸಡಿಲಿಸಬಹುದು. ಮುಚ್ಚಿದ ಆವರಣಕ್ಕೆ ವಿನಾಯಿತಿ ಇದೆ. ಈ 'ಮುಚ್ಚಿದ' ಎಂಬಲ್ಲಿ ಮೀಮಾಂಸೆ ಬೇಕಾಗುತ್ತದೆ. ಮೂರು ಕಡೆ ತಗಡು ಕಟ್ಟಿದ ಶಾಮಿಯಾನ ಮುಚ್ಚಿದ್ದೋ ತೆರೆದದ್ದೋ? ನಾಲ್ಕನೆಯ ಕಡೆ ಜನ ಕಿಕ್ಕಿರಿದು ನಿಂತಿದ್ದರೆ ಗೋಡೆಯಾಯಿತಲ್ಲವೇ ಎಂಬುದು ಸಂಘಟಕರ ವಾದ. ಮಧುಗಿರಿಯ ಏಕಶಿಲಾ ಬೆಟ್ಟವನ್ನೇ ಹಿಂಗೋಡೆಯೆಂದು ತೋರಿಸಿದವರನ್ನು ನಾನು ಬಲ್ಲೆ. ಜೀಪಿನಲ್ಲಿ ಬಂದವರು ಬೆಟ್ಟ ನೋಡಿ, ಟೀ ಕುಡಿದು, ಸೌಂಡ್ ಕಮ್ಮಿ ಮಾಡಿ ಎಂದು ಹೇಳಿ ಹೋದರು.

ಪ್ರಾದೇಶಿಕ ಭೇದಗಳು

ಪಾವಗಡದ್ದು ವಿಶೇಷ ಪ್ರಕರಣ. ಅಲ್ಲಿನ ತಿರುಮಣಿಯ ಸೌರ ಪಾರ್ಕು ಸುಮಾರು 13,000 ಎಕರೆಯಲ್ಲಿ ಹರಡಿ 2,050 ಮೆಗಾವ್ಯಾಟ್ ವಿದ್ಯುತ್ ಮಾಡಬಲ್ಲದು. ಪ್ರಪಂಚದ ಯಾವ ರಾಕ್ ತಂಡವನ್ನು ಕರೆತಂದರೂ ಆಂಪ್ಲಿಫೈಯರಿಗೆ ಕೊರತೆಯಿಲ್ಲ. ತೊಡಕು ಒಂದೇ: ಸೂರ್ಯ ಹಗಲು ದುಡಿಯುತ್ತಾನೆ, ಕೌರವರು ರಾತ್ರಿ. ಹೀಗಾಗಿ ನಾಟಕದ ದಿನ ಡೀಸೆಲ್ ಜನರೇಟರನ್ನೇ ನಂಬಬೇಕು. ಮೂರು ಕಡೆ ಆಂಧ್ರ ಸುತ್ತಿರುವುದರಿಂದ ರಸಮಂಜರಿಯ ಚೀಟಿಗಳಲ್ಲಿ ಅರ್ಧ ತೆಲುಗು ಹಾಡುಗಳಿಗೆ. ನಿರೂಪಕ ಕನ್ನಡದಲ್ಲಿ ಬೈದು ತೆಲುಗಿನಲ್ಲಿ ಹಾಡಿಸುತ್ತಾನೆ.

ಸಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಬೆಳೆದ ಕೊಕ್ಕರೆಗೆ ಕಂಠವಿಲ್ಲವೆಂದೇ ಹೇಳಬೇಕು, ಕೊಕ್ಕಿನ ಎರಡು ಹೋಳು ಕುಟ್ಟಿ ತಾಳ ಹಾಕುತ್ತದೆ. ಶಾಸಕರಿಗಾಗಿ ಕಾಯದೆ ಆರಂಭವಾಗುವ ಕಛೇರಿ ನಾಲ್ಕೂ ತಾಲ್ಲೂಕಿನಲ್ಲಿ ಇದೊಂದೇ.

ಅಧಿಕಾರಿ

ಯಾರು ಈ ವ್ರತಕ್ಕೆ ಅರ್ಹ? ಕೊನೆಯ ಬಸ್ಸು ಕೊನೆಯ ಹಾಡಿಗೆ ಮುಂಚೆ ಹೊರಡುವುದರಿಂದ ಸ್ವಂತ ಬೈಕು ಇರುವವನು, ಅಥವಾ ಬೈಕಿರುವವನ ಭಾವಮೈದುನ. ಸಂಜೆಯೇ ಮುದ್ದೆ ಉಂಡಿರಬೇಕು, ಜೇಬಿನಲ್ಲಿ ಹುರಿದ ಕಡ್ಲೆಕಾಯಿ ಇರಬೇಕು. ನಿದ್ರೆ ವರ್ಜ್ಯವಲ್ಲ. ಕುರುಕ್ಷೇತ್ರದಲ್ಲಿ ಭೀಷ್ಮ ಮಲಗಿದಾಗ ಮಲಗಿ, ಭೀಮ ಕಿರುಚಿದಾಗ ಎದ್ದರೆ ಹಾಜರಾತಿಗೆ ಭಂಗವಿಲ್ಲ.

ಉಳಿದಿರುವ ಸಮಸ್ಯೆ

ದಿನ ಸೂರ್ಯೋದಯಕ್ಕೆ ಮುಗಿಯುತ್ತದೆ ಎಂದು ನಾವೇ ಸಾಧಿಸಿದೆವು. ಆದ್ದರಿಂದ ದುರ್ಯೋಧನ ಅಷ್ಟರೊಳಗೆ ತೊಡೆ ಮುರಿದುಕೊಂಡು ಬೀಳಲೇಬೇಕು. ಬೀಳದಿದ್ದರೆ ಎರಡನೆಯ ಕಛೇರಿ ಮರುದಿನಕ್ಕೆ ಹರಿದು ಇಡೀ ಸಿದ್ಧಾಂತ ಕುಸಿಯುತ್ತದೆ. ಆದರೆ ಕ್ಷೇತ್ರಕಾರ್ಯದಲ್ಲಿ ಕಂಡದ್ದು ಬೇರೆ. ಮೂಡಲು ಕೆಂಪಾಗಿ, ಹಾಲಿನ ಡೈರಿಗೆ ಕ್ಯಾನು ಹೊತ್ತವರು ರಂಗದ ಪಕ್ಕ ಹಾದುಹೋಗುವ ಹೊತ್ತಿಗೂ ದುರ್ಯೋಧನ ಗದೆ ಹಿಡಿದು ನಿಂತೇ ಇರುತ್ತಾನೆ. ಒಂದು ಕಂದ ಮುಗಿದರೆ ಒನ್ಸ್‌ಮೋರ್. ಆಮೇಲೆ ಭಾವ ಬಂದು ಕಿರೀಟಕ್ಕೆ ತಾಗದಂತೆ ನೋಟಿನ ಹಾರ ಹಾಕುತ್ತಾನೆ, ಚಿಕ್ಕಪ್ಪ ಬಂದು ಎದೆಕವಚಕ್ಕೆ ಪಿನ್ನು ಚುಚ್ಚುತ್ತಾನೆ, ಮೈಕಿನಲ್ಲಿ ಇಬ್ಬರ ಹೆಸರೂ ಮೊತ್ತವೂ ಕೂಗಿ ಆಗುವವರೆಗೆ ಭೀಮ ಕೈಕಟ್ಟಿ ಕಾಯುತ್ತಾನೆ.

ಶಾಸ್ತ್ರದ ಹಿತದೃಷ್ಟಿಯಿಂದ ವಧೆಯನ್ನು ಎರಡು ಘಳಿಗೆ ಮುಂಚಿತವಾಗಿ ನೆರವೇರಿಸಲು ಸಾಧ್ಯವೇ ಎಂದು ಹಾರ್ಮೋನಿಯಂ ಮೇಷ್ಟ್ರಲ್ಲಿ ಲಿಖಿತವಾಗಿ ವಿನಂತಿಸಿಕೊಳ್ಳಲಾಯಿತು. ಅವರು ಚೀಟಿ ಓದಿ, ಕಾಲಿನಿಂದ ತಿದಿ ಒತ್ತುವುದನ್ನು ನಿಲ್ಲಿಸದೆಯೇ ಹೇಳಿದರು: "ಎಲ್ಲಾರ್ಗಿಂತ ಜಾಸ್ತಿ ದುಡ್ಡು ಕೊಟ್ಟವ್ರೆ ಸ್ವಾಮಿ. ಅವ್ರನ್ನ ಇಷ್ಟ್ ಬೇಗ ಹೆಂಗ್ ಸಾಯ್ಸಾದು?"