ಡಾಂಬರಿನ ಮೇಲಿನ ವನವಾಸಿ

ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎರಡು ಕಂಬಗಳ ನಡುವೆ ವಾಸಿಸುತ್ತಿದ್ದರೂ ತಾನು ಕಾಡಿಗೆ ಸೇರಿದ್ದೆಂದು ನಂಬಿಕೊಂಡಿರುವ ವಾಹನವೊಂದು ಇಂದು ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಕಾಣಸಿಗುತ್ತದೆ. ಅದರ ಒಡೆಯನ ನಂಬಿಕೆಯೂ ಅದೇ ಆಗಿರುವುದರಿಂದ ಇಬ್ಬರ ನಡುವೆ ವಿರಸಕ್ಕೆ ಎಡೆಯಿಲ್ಲ. ಎಂಜಿನ್ನಿನ ಬಲವನ್ನು ನಾಲ್ಕೂ ಚಕ್ರಗಳಿಗೆ ಹಂಚಬಲ್ಲ, ಜನರು ಫೋರ್ ಬೈ ಫೋರ್ ಎಂದು ಕರೆಯುವ ಈ ವಾಹನವನ್ನು ಕೊಂಡು, ಹೊರವರ್ತುಲ ರಸ್ತೆಯಲ್ಲಿ ಮನೆಗೂ ಕಚೇರಿಗೂ ಓಡಿಸುತ್ತ, ವರ್ಷಕ್ಕೊಮ್ಮೆ ಸಕಲೇಶಪುರದ ಹೋಂಸ್ಟೇ ಮುಂದಿನ ನೂರು ಗಜದ ಮಣ್ಣುಹಾದಿಯಲ್ಲಿ ಅದರ ಜನ್ಮವನ್ನು ಸಾರ್ಥಕಪಡಿಸುವ ಗೃಹಸ್ಥನನ್ನು, ವಿವೇಚನೆಯ ಅನುಕೂಲಕ್ಕಾಗಿ, ಡಾಂಬರಿನ ವನವಾಸಿ ಎನ್ನಬಹುದು. ವಾಹನ ಕೊಳ್ಳುವಾಗ ಅರೆಬರೆಯಾಗಿ ಮಾತ್ರ ಕಂಡ ಅವನ ಸ್ವಭಾವ, ಅದರ ಮೊದಲ ಟೈರುಗಳು ಸವೆದ ದಿನ ಪೂರ್ತಿ ಬೆಳಕಿಗೆ ಬರುತ್ತದೆ.

ಟೈರಿನ ಮೈಮೇಲಿನ ಕಾಲುವೆಗಳ ಆಳ 1.6 ಮಿಲಿಮೀಟರಿಗೆ ಇಳಿದಾಗ ಅವುಗಳ ತಳದಲ್ಲಿರುವ ಚಿಕ್ಕ ರಬ್ಬರ್ ಉಬ್ಬುಗಳು ಮೇಲ್ಮೈಗೆ ಸಮನಾಗಿ, ಇನ್ನು ಬದಲಿಸಬೇಕೆಂದು ಸೂಚಿಸುತ್ತವೆ. ಸಾಮಾನ್ಯ ಮನುಷ್ಯ ಆ ಸೂಚನೆಯನ್ನು ಕಂಡೂ ಕಾಣದಂತೆ ಇನ್ನೊಂದು ಮಳೆಗಾಲ ಕಳೆಯುತ್ತಾನೆ; ವನವಾಸಿಯಾದರೋ ಅದು ಬರುವ ಒಂದು ವರ್ಷ ಮೊದಲೇ ಟೈರಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಶಾಸನ ಓದುವವನಂತೆ, ಅದರ ಮೇಲಿನ ಬರಹದ ಅಧ್ಯಯನಕ್ಕೆ ತೊಡಗುತ್ತಾನೆ. 255/65 ಆರ್ 18 ಎಂದಿದ್ದರೆ ಟೈರಿನ ಅಗಲ 255 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡ 65, ಒಳಗಿನ ಎಳೆಗಳು ಅಡ್ಡಡ್ಡ ಹಾಯ್ದಿರುವ ರೇಡಿಯಲ್ ರಚನೆ, ರಿಮ್ಮಿನ ವ್ಯಾಸ 18 ಅಂಗುಲ ಎಂದು ಅವನು ಕೇಳದವರಿಗೂ ತಿಳಿಸುತ್ತಾನೆ. ಹಲ್ಮಿಡಿ ಶಾಸನದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಟೈರಿನ ಶಾಸನಕ್ಕೆ ಆ ತೊಡಕಿಲ್ಲ, 1423 ಎಂಬ ನಾಲ್ಕು ಅಂಕಿಗಳಿದ್ದರೆ ಅದು 2023ನೆಯ ಇಸವಿಯ 14ನೆಯ ವಾರದಲ್ಲಿ ಹುಟ್ಟಿದ್ದೆಂದು ನಿಶ್ಚಯವಾಗಿ ಹೇಳಬಹುದು. ಓಡದೆ ನಿಂತ ಟೈರಿನ ರಬ್ಬರೂ ಕಾಲಕ್ರಮದಲ್ಲಿ ಗಡುಸಾಗುವುದರಿಂದ ಈ ಅಂಕಿಗೆ ನಿಜವಾದ ಮಹತ್ವವಿದೆ. ಹೆಂಡತಿಯ ಹುಟ್ಟಿದ ದಿನವನ್ನು ಫೋನ್ ನೋಡಿ ಹೇಳುವವನು ಐದು ಟೈರುಗಳ ಜನ್ಮವಾರವನ್ನು ಬಾಯಿಪಾಠ ಒಪ್ಪಿಸುವುದು ಮಾತ್ರ ಮನೆಯವರಿಗೆ ಅಷ್ಟಾಗಿ ಹಿಡಿಸುವುದಿಲ್ಲ.

ಅಧ್ಯಯನ ಮುಗಿದ ಮೇಲೆ ಮತ ನಿರ್ಣಯವಾಗಬೇಕು. ಆಚಾರ್ಯತ್ರಯರ ನಾಡಿನಲ್ಲಿ ಟೈರಿನಲ್ಲೂ ಮೂರು ಮತಗಳಿವೆ. ಎಚ್‌ಟಿ ಎಂಬುದು ಹೆದ್ದಾರಿಗೆ ಮಾಡಿದ್ದು: ಉದ್ದುದ್ದ ಪಟ್ಟಿಗಳು, ಅವುಗಳಲ್ಲಿ ಸೂಜಿಯಿಂದ ಗೀರಿದಂಥ ಸಣ್ಣ ಸೀಳುಗಳು, ಸದ್ದಿಲ್ಲದೆ ಉರುಳುತ್ತದೆ, ಒದ್ದೆ ರಸ್ತೆಯಲ್ಲಿ ಬೇಗ ನಿಲ್ಲುತ್ತದೆ, ನೋಡಲು ಮಾತ್ರ ನಿವೃತ್ತ ಗುಮಾಸ್ತರ ಚಪ್ಪಲಿಯಂತಿರುತ್ತದೆ. ಎಂಟಿ ಎಂಬುದು ಕೆಸರಿಗೆ ಮಾಡಿದ್ದು: ಮೆತ್ತಿದ ಕೆಸರು ಸಿಡಿದು ಹೋಗಲೆಂದು ದಪ್ಪ ಗಟ್ಟಿಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿರುತ್ತಾರೆ; ಆದ್ದರಿಂದಲೇ ಡಾಂಬರಿನ ಮೇಲೆ ನೆಲ ಮುಟ್ಟುವ ರಬ್ಬರ್ ಕಡಿಮೆಯಾಗಿ, ಮಳೆಯಲ್ಲಿ ಬ್ರೇಕ್ ಹಾಕಿದರೆ ವಾಹನ ತುಸು ಮುಂದೆ ಹೋಗಿ ನಿಲ್ಲುತ್ತದೆ, ಇಂಧನ ಹೆಚ್ಚು ಕುಡಿಯುತ್ತದೆ, ವೇಗ ಹೆಚ್ಚಿದಂತೆ ಹಿಟ್ಟಿನ ಗಿರಣಿ ಹೊಕ್ಕಂಥ ಮೊರೆತ ಕೇಳುತ್ತದೆ. ಇವೆರಡರ ನಡುವೆ ವಿಶಿಷ್ಟಾದ್ವೈತದಂತೆ ನಿಂತಿರುವುದು ಎಟಿ, ಅಂದರೆ ಎಲ್ಲ ನೆಲಕ್ಕೂ ಸಲ್ಲುವುದೆಂದು ಹೇಳಿಕೊಳ್ಳುವ ಟೈರು. ವಾಹನ ಹೆಚ್ಚಾಗಿ ಎಲ್ಲಿ ಓಡುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಂಡರೆ ಉತ್ತರಕ್ಕೆ ಅರ್ಧ ನಿಮಿಷ ಸಾಕು. ಆ ಪ್ರಶ್ನೆಯನ್ನು ಆರು ತಿಂಗಳ ಕಾಲ ಕೇಳಿಕೊಳ್ಳದೆ ಇರುವುದೇ ವನವಾಸಿಯ ಸಾಧನೆ.

ಅವನ ತರ್ಕದ ಮೂಲಸ್ತಂಭ ‘ಬೇಕಾದರೆ’ ಎಂಬ ಪದ. ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ತೋಟದ ದಾರಿ ಹಿಡಿಯಬೇಕಾದರೆ, ಹೊಳೆ ದಾಟಬೇಕಾದರೆ, ಪ್ರಳಯದಲ್ಲಿ ನೆರೆಮನೆಯವರನ್ನು ಬೆಟ್ಟಕ್ಕೆ ಸಾಗಿಸಬೇಕಾದರೆ? ಮದುವೆಗೆ ಬೇಕಾದೀತೆಂದು ಹಿಂದಿನವರು ಅಟ್ಟದ ಮೇಲೆ ಕೊಪ್ಪರಿಗೆ ಇಡುತ್ತಿದ್ದುದು ಇದೇ ನ್ಯಾಯದಿಂದಲೇ. ಆದರೆ ಅವರು ನಿತ್ಯದ ಸಾರನ್ನು ಅದರಲ್ಲಿ ಕುದಿಸುತ್ತಿರಲಿಲ್ಲ. ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಮಾವನವರು ಇಂಥ ಮನೆಗಳಲ್ಲಿ ಒಬ್ಬರಾದರೂ ಇರುತ್ತಾರೆ. ಎಂಟಿ ಟೈರಿನ ಚಿತ್ರವನ್ನು ಕನ್ನಡಕ ಏರಿಸಿ ನೋಡಿ, “ಹಾಗಾದರೆ ನಾವು ಮೂವತ್ತು ವರ್ಷ ರಸ್ತೆ ಹಾಕಿದ್ದು ಯಾತಕ್ಕೆ, ಅಳಿಯಂದಿರೇ?” ಎಂದು ಅವರು ಕೇಳುತ್ತಾರೆ. ಅಳಿಯಂದಿರು ತಮ್ಮ ಬಡಾವಣೆಯ ಗುಂಡಿಗಳ ಕಡೆ ಕೈತೋರಿಸುತ್ತಾರೆ. ಉತ್ತರ ಮರ್ಮಕ್ಕೆ ತಾಗುವಂಥದೇ ಆದರೂ, ಗುಂಡಿಗೆ ಬೇಕಾದ್ದು ತಕ್ಕಷ್ಟು ಗಾಳಿಯೂ ಎತ್ತರದ ಪಕ್ಕಗೋಡೆಯೂ ಹೊರತು ಕೆಸರಿನ ಗಟ್ಟಿಗಳಲ್ಲ ಎಂಬುದು ಇಬ್ಬರ ಗಮನಕ್ಕೂ ಬರುವುದಿಲ್ಲ.

ವಾಗ್ವಾದದ ಫಲವಾಗಿ ಎಂಟಿ ಬಿದ್ದುಹೋಗಿ ಎಟಿ ಉಳಿಯುತ್ತದೆ. ಅದರಲ್ಲೂ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು ಕೊರೆದ ಮುದ್ರೆಯಿರುವ ಟೈರೇ ಅವನಿಗೆ ಬೇಕು. ತೀವ್ರ ಹಿಮದಲ್ಲೂ ಹಿಡಿತವುಂಟೆಂದು ಪರೀಕ್ಷೆಯಲ್ಲಿ ತೇರ್ಗಡೆಯಾದ ಟೈರುಗಳಿಗೆ ಆ ಮುದ್ರೆ ದೊರೆಯುತ್ತದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಮಂಜು ಕವಿಯುತ್ತದೆಯೇ ಹೊರತು ಹಿಮ ಬೀಳುವುದಿಲ್ಲ ಎಂದು ಹೇಳಿ ಅವನ ಸಂತೋಷ ಕೆಡಿಸಿದವರಿಲ್ಲ.

ಮುಂದಿನ ಪ್ರಲೋಭನೆ ಗಾತ್ರದ್ದು. ಜೆ.ಸಿ. ರಸ್ತೆಯ ಕಡೆಯ ಅಂಗಡಿಕಾರ ಗಿರಾಕಿಯ ಮುಖ ನೋಡಿಯೇ, “ಒಂದು ಸೈಜ್ ಮೇಲೆ ಹಾಕಿ ಸಾರ್, ಗಾಡಿಗೆ ಗತ್ತು ಬರುತ್ತೆ” ಎನ್ನುತ್ತಾನೆ. 255/65ರ ಬದಲು 265/70 ಹಾಕಿದರೆ ಚಕ್ರದ ವ್ಯಾಸ ಸುಮಾರು 789 ಮಿಲಿಮೀಟರಿನಿಂದ 828ಕ್ಕೆ, ಅಂದರೆ ಶೇಕಡ 5ರಷ್ಟು ಏರುತ್ತದೆ. ವೇಗಮಾಪಕ ಚಕ್ರ ಸುತ್ತಿದ ಲೆಕ್ಕವನ್ನಷ್ಟೇ ಬಲ್ಲದಾದ್ದರಿಂದ, ಅದು ಮೊದಲು ಸರಿಯಾಗಿ ತೋರಿಸುತ್ತಿತ್ತೆಂದು ಇಟ್ಟುಕೊಂಡರೆ, 80 ಎಂದಾಗ ವಾಹನ 84ರಲ್ಲಿ ಓಡುತ್ತಿರುತ್ತದೆ. ಓಡಿದ ದೂರವೂ ಕಡಿಮೆ ದಾಖಲಾಗಿ, ಮೊದಲೇ ಇಳಿದಿದ್ದ ಮೈಲೇಜ್ ಕಾಗದದ ಮೇಲೆ ಇನ್ನಷ್ಟು ಇಳಿಯುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಗಂಟೆಗೆ 8 ಕಿಲೋಮೀಟರ್ ಸಾಗುವವನಿಗೆ ಈ ವ್ಯತ್ಯಾಸ ಬಾಧಿಸದು. ಆದರೆ ತಾಯಿಯವರು ಗಾಡಿ ಹತ್ತಲು ಈಗಾಗಲೇ ಸ್ಟೂಲ್ ಕೇಳುತ್ತಿರುವುದರಿಂದ ಕಂಪನಿ ಹೇಳಿದ ಗಾತ್ರವೇ ಗೆಲ್ಲುತ್ತದೆ. ಸದ್ಗೃಹಸ್ಥರ ಬಹುಪಾಲು ವಿವೇಕ ಹೀಗೆ ಮಂಡಿನೋವಿನ ದಾರಿಯಿಂದಲೇ ಬರುತ್ತದೆ.

ಸವೆದದ್ದು ಎರಡೇ ಆದರೂ ನಾಲ್ಕನ್ನೂ ಬದಲಿಸಬೇಕೆಂಬ ಅವನ ವಾದದಲ್ಲಿ ಮಾತ್ರ ಹುರುಳಿದೆ. ಇಂಥ ಹಲವು ವಾಹನಗಳಲ್ಲಿ ನಾಲ್ಕು ಚಕ್ರದ ಬಲವನ್ನು ಸನ್ನೆಗೋಲೆಳೆದು ಜೋಡಿಸಿದಾಗ ಮುಂದಿನ ಅಚ್ಚೂ ಹಿಂದಿನ ಅಚ್ಚೂ ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ಹೊಸ ಟೈರು ಒಂದೆಡೆ, ಬೋಳು ಟೈರು ಇನ್ನೊಂದೆಡೆ ಇದ್ದರೆ ಸುತ್ತಳತೆ ಬೇರೆಯಾಗಿ, ಒಣ ರಸ್ತೆಯಲ್ಲಿ ಗೇರುಗಳು ಹಗ್ಗದಂತೆ ಹುರಿಗೊಳ್ಳುತ್ತವೆ. ಆ ಸನ್ನೆಗೋಲನ್ನು ಅವನು ಇದುವರೆಗೆ ಎಳೆದಿರುವುದು ನೆಲಮಾಳಿಗೆಯಲ್ಲಿ, ಭಾವಮೈದುನನಿಗೆ ತೋರಿಸಲು.

ಐದನೆಯದು ಸ್ಟೆಪ್ನಿ. ಭಾರತದಲ್ಲಿ ಹಳ್ಳಿಯ ಲಾರಿ ಕ್ಲೀನರ್ ಕೂಡ ಬಳಸುವ ಈ ಪದ ವೇಲ್ಸ್ ದೇಶದ ಲ್ಯಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಿಂದ ಬಂದದ್ದು. 1904ರಲ್ಲಿ ಡೇವಿಸ್ ಸಹೋದರರು ಬಿಡಿ ಚಕ್ರ ಮಾಡತೊಡಗಿದ್ದು ಅಲ್ಲಿಯೇ. ಬೇರೆ ಕಾರುಗಳಲ್ಲಿ ಡಿಕ್ಕಿಯ ಕತ್ತಲೆಯಲ್ಲಿ ಮಲಗಿರುವ ಸ್ಟೆಪ್ನಿ ಇಲ್ಲಿ ಹಿಂಬಾಗಿಲ ಮೇಲೆ ಪದಕದಂತೆ ತೂಗುತ್ತದೆ, ಮತ್ತು ಅದರ ಮೇಲಿನ ಪ್ರತಿ ಅಕ್ಷರವನ್ನೂ ಓದಿ ಮನನ ಮಾಡುವಷ್ಟು ಕಾಲಾವಕಾಶವನ್ನು ಬೆಂಗಳೂರಿನ ಸಂಚಾರ ವ್ಯವಸ್ಥೆ ಹಿಂದಿನವರಿಗೆ ಒದಗಿಸುತ್ತದೆ. ಆದ್ದರಿಂದ ಐದೂ ಒಂದೇ ಬಗೆಯಾಗಬೇಕು, ಖರ್ಚು ಲಕ್ಷದ ಹತ್ತಿರ ಸುಳಿಯಬೇಕು.

ಹೊಸ ಟೈರಿನ ಮೈಮೇಲಿನ ರಬ್ಬರ್ ಕೂದಲು ಉದುರುವ ಮೊದಲೇ ಮಡಿಕೇರಿಯ ಪ್ರವಾಸ ನಿಶ್ಚಯವಾಗುತ್ತದೆ. ಮಾಂದಲಪಟ್ಟಿಗೆ ಏರುವ ಕಲ್ಲುಹಾದಿಯ ಬುಡದಲ್ಲಿ ಗಾಡಿ ನಿಲ್ಲಿಸಿ, ಚೂಪುಗಲ್ಲುಗಳನ್ನು ಬಹಳ ಹೊತ್ತು ದಿಟ್ಟಿಸಿ, ಪಕ್ಕಗೋಡೆ ಸೀಳಿದರೆ ಪ್ಯಾಚ್ ಹಾಕಲಾಗದೆಂಬ ಶಾಸ್ತ್ರವಾಕ್ಯವನ್ನು ಸ್ಮರಿಸಿ, ವನವಾಸಿ ಸಂಸಾರ ಸಮೇತ ಬಾಡಿಗೆ ಜೀಪು ಹತ್ತುತ್ತಾನೆ. ಹಳೆಯ ಜೀಪು, ರೀಸೋಲ್ ಮಾಡಿಸಿದ ಟೈರುಗಳು. ಮೇಲೆ ತಲುಪಿ, ಮಿಕ್ಕವರೆಲ್ಲ ಮೋಡದತ್ತ ಓಡಿದಾಗ, ಅವನೊಬ್ಬ ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕುಳಿತು ನಾಲ್ಕಂಕಿಯ ಶಾಸನವನ್ನು ಹುಡುಕುತ್ತಾನೆ. ಕಲ್ಲಿಗೆ ಉಜ್ಜಿ ಉಜ್ಜಿ ಅದೆಲ್ಲ ಎಂದೋ ಅಳಿಸಿಹೋಗಿರುತ್ತದೆ. ಬೀಡಿ ಆರಿಸಿ ಬಂದ ಡ್ರೈವರ್ ಗಾಬರಿಯಿಂದ ಅವನ ಪಕ್ಕದಲ್ಲೇ ಬಗ್ಗಿ ಕೇಳುತ್ತಾನೆ: “ಪಂಚರಾ ಸಾರ್?”