ದೇವರಿಗೂ ಸೇವಕರಿಗೂ ಒಂದೇ ಚಿತ್ತ

ವಾಡಿ ಜಂಕ್ಷನ್ನಿನಿಂದ ಚಿಂಚೋಳಿಯವರೆಗೆ ಯಾವ ಸಭೆಯ ಫ್ಲೆಕ್ಸ್ ನೋಡಿದರೂ ಅದರಲ್ಲಿ ನಾಯಕರೆಂಬುವರು ಇಲ್ಲವೇ ಇಲ್ಲ. ಎಲ್ಲರೂ ಸೇವಕರು. ಅಧ್ಯಕ್ಷರು ಸೇವಕರು, ಕಾರ್ಯದರ್ಶಿ ಸೇವಕರು, ಖಜಾಂಚಿಯಂತೂ ಪರಮ ಸೇವಕರು. ಯಾರು ದೊಡ್ಡ ಸೇವಕರು ಎಂಬುದು ಫೋಟೊದ ಅಳತೆಯಿಂದ ತಿಳಿಯುತ್ತದೆ. ಏಸುವಿನ ಚಿತ್ರ ಮೇಲಿನ ಮೂಲೆಯಲ್ಲಿ, ಅಂಚೆಚೀಟಿಯಷ್ಟು. ತನ್ನನ್ನು ತಗ್ಗಿಸಿಕೊಂಡವನಲ್ಲವೇ, ಜಾಗಕ್ಕಾಗಿ ಜಗಳ ಮಾಡುವುದಿಲ್ಲ.

ಕುರ್ಚಿಯ ಆಸೆ ಹೊಸದೇನಲ್ಲ. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಜೆಬೆದಾಯನ ಹೆಂಡತಿ ಇಬ್ಬರು ಮಕ್ಕಳನ್ನು ಕರೆತಂದು, ನಿನ್ನ ರಾಜ್ಯದಲ್ಲಿ ಒಬ್ಬನನ್ನು ಬಲಕ್ಕೂ ಇನ್ನೊಬ್ಬನನ್ನು ಎಡಕ್ಕೂ ಕೂರಿಸು ಎಂದು ಕೇಳಿಕೊಳ್ಳುತ್ತಾಳೆ. ಉಳಿದ ಹತ್ತು ಶಿಷ್ಯರಿಗೆ ಸಿಟ್ಟು ಬಂತು. ಈ ಉಪಾಯ ತಮಗೆ ಮೊದಲೇ ಹೊಳೆಯಲಿಲ್ಲವಲ್ಲ ಎಂದಿರಬೇಕು. ದೊಡ್ಡವನಾಗಬೇಕೆಂದರೆ ಸೇವಕನಾಗು ಎಂಬುದು ಏಸು ಕೊಟ್ಟ ಉತ್ತರ. ಆ ತಾಯಿ ಬೇಕಾದದ್ದನ್ನು ಬಾಯಿಬಿಟ್ಟು ಕೇಳಿದಳು. ನಮ್ಮವರು ಅವಳಿಗಿಂತ ಚುರುಕು: ಸೇವಕನೆಂಬ ಹೆಸರನ್ನೂ ಇಟ್ಟುಕೊಂಡರು, ಎರಡೂ ಕುರ್ಚಿಗಳನ್ನೂ.

ಏಸು ಸೊಂಟಕ್ಕೆ ಟವೆಲು ಕಟ್ಟಿ ಶಿಷ್ಯರ ಕಾಲು ತೊಳೆದ. ಅದರ ನೆನಪಿಗೆ ಪವಿತ್ರ ಗುರುವಾರ ಹನ್ನೆರಡು ಮಂದಿಯ ಕಾಲು ತೊಳೆಯುವ ಪದ್ಧತಿ ಉಂಟು. ಆರಿಸಿಕೊಂಡವರು ಮನೆಯಿಂದಲೇ ಸೋಪು ಹಚ್ಚಿ ತೊಳೆದುಕೊಂಡು ಬರುತ್ತಾರೆ, ಸೇವಕರಿಗೆ ತೊಂದರೆಯಾಗಬಾರದಲ್ಲ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಹುಡುಗ ಹುಡುಗಿಯರ, ಮುಸ್ಲಿಮರ ಕಾಲನ್ನೂ ತೊಳೆದು ಬಂದರು. ನಮ್ಮಲ್ಲಿ ಅಷ್ಟು ದೂರ ಹೋಗಬೇಕಿಲ್ಲ. ಶಹಾಬಾದಿನ ಕಲ್ಲುಗಣಿ ಇದೆ, ಸಿಮೆಂಟ್ ಲೋಡು ಮಾಡುವವರ ಸಾಲು ಇದೆ. ಆದರೆ ಆ ಕಾಲುಗಳಿಗೆ ಒಂದು ಬೋಗುಣಿ ನೀರು ಸಾಲದು. ಫೋಟೊ ಕೂಡ ಚೆನ್ನಾಗಿ ಬರುವುದಿಲ್ಲ.

ಇನ್ನು ದೇವರ ಚಿತ್ತಕ್ಕೆ ಶರಣಾಗುವ ಸಂಗತಿ. ಬೀದರ್–ಕಲಬುರಗಿ ಸೀಮೆಯಲ್ಲಿ ಮೆಥೋಡಿಸ್ಟ್ ಸಭೆಯ ಬೇರು ಆಳಕ್ಕಿಳಿದಿದೆ. ಅದರ ಮೂಲಪುರುಷ ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಒಡಂಬಡಿಕೆಯ ಆರಾಧನೆ ಶುರುಮಾಡಿದ. ಹೊಸ ವರ್ಷದ ಹೊತ್ತಿಗೆ ಮೆಥೋಡಿಸ್ಟರು ಇಂದಿಗೂ ಮಾಡುವ ಆ ಪ್ರಾರ್ಥನೆಯ ತಾತ್ಪರ್ಯ ಇಷ್ಟು: ಬೇಕಾದಲ್ಲಿಗೆ ಕಳಿಸು, ಬೇಕಾದವರ ಜೊತೆ ನಿಲ್ಲಿಸು, ಕೆಲಸ ಕೊಡು ಇಲ್ಲವೆ ಮೂಲೆಗೆ ಕೂರಿಸು, ಎಲ್ಲಕ್ಕೂ ಒಪ್ಪಿದ್ದೇನೆ. ಹೀಗೆ ಒಪ್ಪಿಕೊಂಡವರ ಎದುರು ಬಿಷಪ್ಪರು ವಾರ್ಷಿಕ ಸಮ್ಮೇಳನದಲ್ಲಿ ವರ್ಗಾವಣೆಯ ಪಟ್ಟಿ ಓದಲಿ. ಕಲಬುರಗಿ ಪಟ್ಟಣ ಬಂತೋ, ದೇವರ ಚಿತ್ತ. ಚಿಂಚೋಳಿ ಕಡೆಯ ಒಳಹಳ್ಳಿ ಬಂತೋ, ಸೈತಾನನ ಕೈವಾಡ; ಆ ಸೈತಾನ ಯಾವ ಕಮಿಟಿಯ ಮೆಂಬರು ಎಂಬುದೂ ಗೊತ್ತಿರುತ್ತದೆ. ಬಸ್ಸಿಲ್ಲದ ಊರಿಗೂ ಮಾತಿಲ್ಲದೆ ಗಂಟುಮೂಟೆ ಕಟ್ಟುವ ಪಾಸ್ಟರುಗಳೂ ಇದ್ದಾರೆ. ಅವರ ಫ್ಲೆಕ್ಸ್ ಇನ್ನೂ ಯಾರೂ ಹಾಕಿಸಿಲ್ಲ.

ದೊಡ್ಡ ಮನೆಗಳ ಕತೆಯೂ ಇದೇ. ದಕ್ಷಿಣ ಭಾರತ ಸಭೆಯಲ್ಲಿ ಬಿಷಪ್ಪರು 67ಕ್ಕೆ ಇಳಿಯಬೇಕೋ 70ಕ್ಕೋ ಎಂಬ ವಿವಾದ ಮದ್ರಾಸ್ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಸೇವೆಗೆ ಯಾರೂ ವಯಸ್ಸಿನ ಮಿತಿ ಹಾಕಿಲ್ಲ, ಸ್ವಾಮಿ. ಮಿತಿ ಇರುವುದು ಕುರ್ಚಿಗೆ.

ಕುರ್ಚಿಯಲ್ಲಿ ಕೂತೂ ತನ್ನದನ್ನು ಕೊಟ್ಟವನೊಬ್ಬ ನಮ್ಮ ಸೀಮೆಯಲ್ಲೇ ಇದ್ದ. ಆದಿತ್ಯನಗರದ ಸಿಮೆಂಟ್ ಕಾಲೊನಿಗೆ ಹತ್ತಿರವೇ ಮಳಖೇಡ. ಅಲ್ಲಿಂದ 9ನೇ ಶತಮಾನದಲ್ಲಿ ಆಳಿದ ಅಮೋಘವರ್ಷ ನೃಪತುಂಗ, ಪ್ರಜೆಗಳ ಕಂಟಕ ನೀಗಲೆಂದು ತನ್ನ ಎಡಗೈ ಬೆರಳನ್ನೇ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ಸಂಜಾನ್ ತಾಮ್ರಪಟ ಹೇಳುತ್ತದೆ. ಆತ ಏಸುವಿನ ಭಕ್ತನಲ್ಲ, ಸೇವಕ ನಾಯಕತ್ವದ ಸೆಮಿನಾರಿಗೆ ಹೋದವನೂ ಅಲ್ಲ. ಈಗಿನ ನಾಯಕರಿಗೂ ಬೆರಳು ಬೇಕು. ಆದರೆ ಅದು ನಮ್ಮದು: ಊರ ನಾಯಕರಿಗೆ ಶಾಯಿ ಹಚ್ಚಲು, ಸಭೆಯ ನಾಯಕರಿಗೆ ಎತ್ತಿ ತೋರಿಸಲು.

ಸೆಮಿನಾರಿನ ಆ ‘ಸೇವಕ ನಾಯಕತ್ವ’ ಎಂಬ ಪದವನ್ನು ಚಲಾವಣೆಗೆ ತಂದವನು ಅಮೆರಿಕದ ಟೆಲಿಫೋನ್ ಕಂಪನಿಯಲ್ಲಿ ದುಡಿದು ನಿವೃತ್ತನಾದ ರಾಬರ್ಟ್ ಗ್ರೀನ್‌ಲೀಫ್, 1970ರಲ್ಲಿ. ಅವನು ಇಟ್ಟ ಪರೀಕ್ಷೆ ಸೀದಾ: ನಿನ್ನ ಸೇವೆ ಪಡೆದವರು ಬೆಳೆದರೇ? ಪರೀಕ್ಷೆಯನ್ನು ಬಿಟ್ಟು ಪದವನ್ನಷ್ಟೇ ಎಲ್ಲರೂ ಮನೆಗೆ ಒಯ್ದರು.

ಏಸುವಿನ ಪರೀಕ್ಷೆ ಇನ್ನೂ ಕಠಿಣ. ಗೆತ್ಸೆಮನೆಯಲ್ಲಿ ಆತ ಬೇಡಿಕೊಂಡದ್ದು ಒಂದು, ತಂದೆಯ ಚಿತ್ತ ಇನ್ನೊಂದು. ತನ್ನದನ್ನು ಬಿಟ್ಟ, ತಂದೆಯದನ್ನು ಹಿಡಿದ, ಶಿಲುಬೆ ಸಿಕ್ಕಿತು. ನಮ್ಮ ಸೇವಕರ ಪಾಲಿಗೆ ಮಾತ್ರ ದೇವರ ಚಿತ್ತ ಯಾವತ್ತೂ ಇವರ ಇಷ್ಟದ ಗೆರೆ ದಾಟಿಲ್ಲ. ರಾತ್ರಿಯಿಡೀ ಪ್ರಾರ್ಥನೆ ಮಾಡುತ್ತಾರೆ. ಬೆಳಗಾಗುವಷ್ಟರಲ್ಲಿ ಇವರ ಮನಸ್ಸಿನಲ್ಲಿದ್ದುದನ್ನೇ ದೇವರು ಅನುಮೋದಿಸಿರುತ್ತಾನೆ. ಇಷ್ಟು ವಿಧೇಯ ದೇವರು ಬೈಬಲ್ಲಿನಲ್ಲಿ ಯಾರಿಗೂ ಸಿಕ್ಕಿರಲಿಲ್ಲ.

ಆದ್ದರಿಂದ ಮುಂದಿನ ಕಮಿಟಿ ಚುನಾವಣೆಗೆ ನನ್ನದೊಂದು ಸಲಹೆ. ನಾಮಪತ್ರದಲ್ಲಿ ಒಂದೇ ಪ್ರಶ್ನೆ ಸೇರಿಸಿರಿ: ದೇವರು ಕೊನೆಯ ಸಲ ನಿಮಗೆ ಆಗುವುದಿಲ್ಲ ಎಂದದ್ದು ಯಾವಾಗ, ಅದರಿಂದ ನೀವು ಕಳೆದುಕೊಂಡದ್ದು ಏನು? ಖಾಲಿ ಬಿಟ್ಟ ನಾಮಪತ್ರ ತಿರಸ್ಕೃತ. ಒಂದೂ ಉಳಿಯದಿದ್ದರೆ ಗಾಬರಿ ಬೇಡ. ಪ್ರತಿ ಶನಿವಾರ ಗುಡಿ ಗುಡಿಸುವ ಅವ್ವನನ್ನು ಕೇಳಿ ನೋಡಿ. ಆಕೆ ಒಲ್ಲೆನ್ರೀ ಎಂದರೆ ಅರ್ಹಳು ಅಂತ ಬರೆದುಕೊಳ್ಳಿ.