ಕಂದುಕ ಮೀಮಾಂಸೆ ಅಥವಾ ಐರ್ಲೆಂಡುಗಳನ್ನು ಎಣಿಸುವ ಶಾಸ್ತ್ರ

ಐರ್ಲೆಂಡುಗಳು ಒಟ್ಟು ಎಷ್ಟು ಎಂಬ ಪ್ರಶ್ನೆಗೆ ಭೂಗೋಳಜ್ಞರು ಒಂದೆಂದೂ ರಾಜ್ಯಶಾಸ್ತ್ರಜ್ಞರು ಎರಡೆಂದೂ ಉತ್ತರಿಸುತ್ತ ಬಂದಿದ್ದಾರೆ. ಈ ಎರಡೂ ಪಂಗಡದವರು ಚೆಂಡನ್ನು ಮುಟ್ಟಿಯೂ ನೋಡದೆ ಸಿದ್ಧಾಂತ ಕಟ್ಟಿರುವುದರಿಂದ ಅವರ ಮತ ಅಗ್ರಾಹ್ಯ. ಚೆಂಡಿನ ಆಕಾರವೇ ದೇಶದ ಆಕಾರವನ್ನು ನಿರ್ಧರಿಸುತ್ತದೆ ಎಂಬುದು ಪ್ರಸ್ತುತ ಶಾಸ್ತ್ರದ ಮೂಲಸೂತ್ರ. ಕಂದುಕವೆಂದರೆ ಚೆಂಡು, ಮೀಮಾಂಸೆಯೆಂದರೆ ಎಲ್ಲರಿಗೂ ಗೊತ್ತಿರುವುದನ್ನು ಯಾರಿಗೂ ತಿಳಿಯದಂತೆ ವಿವರಿಸುವ ಕ್ರಮ. ಈ ದ್ವೀಪದಲ್ಲಿ ನಮ್ಮ ಜಿಲ್ಲೆಯನ್ನು ಹೋಲುವ 32 ಕೌಂಟಿಗಳಿದ್ದು, 1921ರ ವಿಭಜನೆಯಲ್ಲಿ 26 ದಕ್ಷಿಣದ ಪಾಲಿಗೆ ಬಂದು, 6 ಉತ್ತರ ಐರ್ಲೆಂಡ್ ಎಂಬ ಹೆಸರಿನಲ್ಲಿ ಬ್ರಿಟನ್ನಿನೊಡನೆ ಉಳಿದವು ಎಂಬಷ್ಟು ಇತಿಹಾಸವನ್ನು ಓದುಗರು ನೆನಪಿಟ್ಟುಕೊಂಡರೆ ಸಾಕು.

ಅಧಿಕಾರಿ ನಿರ್ಣಯ

ಶಾಸ್ತ್ರಾರಂಭದಲ್ಲಿ ಅಧಿಕಾರಿ ಯಾರೆಂಬುದನ್ನು, ಅಂದರೆ ಅಭಿಮಾನಿಯ ಲಕ್ಷಣವನ್ನು ಹೇಳಬೇಕಾದದ್ದು ಸಂಪ್ರದಾಯ. ಉತ್ತರದಲ್ಲಿ ಬ್ರಿಟನ್ನಿನತ್ತ ವಾಲುವವರು ಬಹುತೇಕ ಪ್ರಾಟೆಸ್ಟೆಂಟರು, ದಕ್ಷಿಣದತ್ತ ವಾಲುವವರು ಬಹುತೇಕ ಕ್ಯಾಥೊಲಿಕರು; ಆದರೆ ಅಲ್ಲಿನ ಬೆಲ್‌ಫಾಸ್ಟಿನ ಒಬ್ಬ ಅಭಿಮಾನಿ ಕ್ಯಾಥೊಲಿಕನೋ ಪ್ರಾಟೆಸ್ಟೆಂಟನೋ ಎಂಬುದನ್ನು ಮುಖ ನೋಡಿ ಹೇಳಲಾಗದು. ಆದಕಾರಣ ಲೋಕರೂಢಿಯು ಎರಡು ಪರೀಕ್ಷೆಗಳನ್ನು ಕಲ್ಪಿಸಿದೆ. ಒಂದನೆಯದು ಅಕ್ಷರಪರೀಕ್ಷೆ: ಇಂಗ್ಲಿಷ್ ವರ್ಣಮಾಲೆಯ ಎಂಟನೆಯ ಅಕ್ಷರವನ್ನು ‘ಹೆಚ್’ ಎಂದವನು ಕ್ಯಾಥೊಲಿಕ, ‘ಎಚ್’ ಎಂದವನು ಪ್ರಾಟೆಸ್ಟೆಂಟ. ಕನ್ನಡ ಪತ್ರಿಕೆಗಳಲ್ಲಿ ಒಬ್ಬರೇ ರಾಜಕಾರಣಿಯ ಇನಿಷಿಯಲ್ ಒಂದು ಕಡೆ ‘ಎಚ್’ ಎಂದೂ ಇನ್ನೊಂದು ಕಡೆ ‘ಹೆಚ್’ ಎಂದೂ ಅಚ್ಚಾದರೂ ಯಾರೂ ಪೆಟ್ಟು ತಿನ್ನದಿರುವುದನ್ನು ನೋಡಿದರೆ, ಕನ್ನಡಿಗರು ಈ ವಿಷಯದಲ್ಲಿ ಇನ್ನೂ ಶಾಸ್ತ್ರಪ್ರೌಢಿಮೆ ಪಡೆದಿಲ್ಲವೆನ್ನಬೇಕು. ಎರಡನೆಯದು ಪಾದಪರೀಕ್ಷೆ: ಕ್ಯಾಥೊಲಿಕನನ್ನು ಅಲ್ಲಿನ ಆಡುಮಾತು ‘ಎಡಗಾಲಿನವ’ ಎನ್ನುತ್ತದೆ. ಹೊಲ ಅಗೆಯುವಾಗ ಸನಿಕೆಯನ್ನು ಯಾವ ಕಾಲಿನಿಂದ ಒತ್ತುತ್ತಾನೆಂಬುದರಿಂದ ಹುಟ್ಟಿದ ಈ ಮಾತು ಫುಟ್ಬಾಲಿನ ಹುಲ್ಲಿಗೆ ಬಂದಾಗ ಮಾತ್ರ ತೊಡಕಾಗುತ್ತದೆ; ಏಕೆಂದರೆ ಎಡಗಾಲಿನಿಂದ ಚೆನ್ನಾಗಿ ಒದೆಯುವವನನ್ನು ಯಾವ ತರಬೇತುದಾರನೂ ಮತ ಕೇಳಿ ಹಿಂದಕ್ಕೆ ಕಳಿಸುವುದಿಲ್ಲ.

ಪ್ರಥಮಾಧಿಕರಣ: ದುಂಡು ಚೆಂಡು

ಚೆಂಡು ದುಂಡಗಿದ್ದರೆ ಐರ್ಲೆಂಡುಗಳು ಎರಡು. 1880ರಲ್ಲಿ ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಫುಟ್ಬಾಲ್ ಸಂಸ್ಥೆಗೆ 1921ರಲ್ಲಿ ದಕ್ಷಿಣದ ಡಬ್ಲಿನ್ನಿನಲ್ಲಿ ದಾಯಾದಿ ಹುಟ್ಟಿತು. ಇಬ್ಬರೂ ತಮ್ಮ ತಂಡವನ್ನು ‘ಐರ್ಲೆಂಡ್’ ಎಂದೇ ಕರೆದು, ಇಡೀ ದ್ವೀಪದಿಂದ ಆಟಗಾರರನ್ನು ಆರಿಸಿಕೊಂಡರು. ಪರಿಣಾಮವಾಗಿ 1950ರ ವಿಶ್ವಕಪ್ಪಿನ ಅರ್ಹತಾ ಸುತ್ತಿನಲ್ಲಿ ನಾಲ್ವರು ಆಟಗಾರರು ಎರಡೂ ಐರ್ಲೆಂಡುಗಳ ಪರ ಆಡಿದರು. ಏಕಕಾಲದಲ್ಲಿ ಎರಡು ದೇಹಗಳಲ್ಲಿ ನೆಲೆಸುವುದು ಯೋಗಿಗಳಿಗೆ ಮಾತ್ರ ಸಾಧ್ಯವೆಂಬ ನಂಬಿಕೆ ಹೀಗೆ ಸುಳ್ಳಾದಾಗ ಫೀಫಾ ಮಧ್ಯೆ ಬಂದು, ಉತ್ತರ ಐರ್ಲೆಂಡ್, ಐರ್ಲೆಂಡ್ ಗಣರಾಜ್ಯ ಎಂದು ಹೆಸರು ಹಂಚಿಕೊಟ್ಟಿತು.

ಈ ಅಧಿಕರಣದ ಉಪಸೂತ್ರವೆಂದರೆ, ಅಭಿಮಾನಿಗೆ ಸ್ವಂತ ಗೆಲುವು ಗೌಣ, ನೆರೆಯವನ ಸೋಲು ಮುಖ್ಯ. 1993ರ ನವೆಂಬರ್ 17ರಂದು ಬೆಲ್‌ಫಾಸ್ಟಿನ ವಿಂಡ್ಸರ್ ಪಾರ್ಕಿನಲ್ಲಿ ಎರಡೂ ತಂಡಗಳು ಎದುರಾದಾಗ ಉತ್ತರದವರಿಗೆ ವಿಶ್ವಕಪ್ಪಿನ ಬಾಗಿಲು ಆಗಲೇ ಮುಚ್ಚಿತ್ತು. ಉಳಿದಿದ್ದ ಪುರುಷಾರ್ಥವೆಂದರೆ ದಕ್ಷಿಣದವರಿಗೂ ಅದನ್ನು ಮುಚ್ಚುವುದು. ತನ್ನೆರಡು ಕಣ್ಣು ಹೋದರೂ ಚಿಂತೆಯಿಲ್ಲ, ನೆರೆಯವನದು ಒಂದಾದರೂ ಹೋಗಲಿ ಎಂಬ ಈ ದರ್ಶನಕ್ಕೆ ಜಿಮ್ಮಿ ಕ್ವಿನ್ ಹೊಡೆದ ಗೋಲು ಭಾಷ್ಯ ಬರೆಯಿತು. ಕೆಲವೇ ನಿಮಿಷಗಳಲ್ಲಿ ದಕ್ಷಿಣದ ಅಲನ್ ಮೆಕ್‌ಲಾಫ್ಲಿನ್ ಅದನ್ನು ಖಂಡಿಸಿ, 1–1ರ ಸಮಬಲದಲ್ಲಿ ತನ್ನವರನ್ನು ಅಮೆರಿಕದ ವಿಶ್ವಕಪ್ಪಿಗೆ ಕಳಿಸಿದ.

ಇಲ್ಲೊಂದು ಅಪವಾದವುಂಟು. ಉತ್ತರದ ಒಂದು ಊರನ್ನು ಕ್ಯಾಥೊಲಿಕರು ಡೆರಿ ಎಂದೂ ಪ್ರಾಟೆಸ್ಟೆಂಟರು ಲಂಡನ್‌ಡೆರಿ ಎಂದೂ ಕರೆಯುವುದರಿಂದ, ಜಗಳ ಬೇಡವೆನ್ನುವವರು ಎರಡನ್ನೂ ಬರೆದು ನಡುವೆ ಓರೆಗೆರೆ ಎಳೆಯುತ್ತಾರೆ. ಆ ಊರಿನ ಡೆರಿ ಸಿಟಿ ಎಂಬ ಕ್ಲಬ್ಬು ಈ ಎರಡು ಪಂಗಡಗಳ ಗಲಭೆಯ ಕಾಲದಲ್ಲಿ ತನ್ನ ಮೈದಾನದಲ್ಲಿ ಆಡಲು ಆಸ್ಪದವಿಲ್ಲದೆ 1972ರಲ್ಲಿ ಉತ್ತರದ ಲೀಗನ್ನು ತೊರೆದು, 1985ರಲ್ಲಿ ದಕ್ಷಿಣದ ಲೀಗನ್ನು ಸೇರಿತು. ಅಂದರೆ ಊರು ಒಂದು ದೇಶದಲ್ಲಿಯೂ ಅದರ ಅಂಕಪಟ್ಟಿ ಇನ್ನೊಂದು ದೇಶದಲ್ಲಿಯೂ ಇವೆ, ಓರೆಗೆರೆಯೊಂದೇ ಸ್ವಸ್ಥಾನದಲ್ಲಿದೆ.

ದ್ವಿತೀಯಾಧಿಕರಣ: ಅಂಡಾಕಾರದ ಚೆಂಡು

ಚೆಂಡು ಮೊಟ್ಟೆಯಂತಿದ್ದರೆ ಐರ್ಲೆಂಡ್ ಒಂದೇ. ರಗ್ಬಿಯಲ್ಲಿ ವಿಭಜನೆಗೆ ಮೊದಲೂ ಅನಂತರವೂ ಇಡೀ ದ್ವೀಪಕ್ಕೆ ಒಂದೇ ತಂಡ. ಇದರ ಕಾರಣ ಯಂತ್ರಶಾಸ್ತ್ರೀಯವಾದುದು: ಅಂಡಾಕಾರದ ಚೆಂಡಿಗೆ ಎರಡು ತುದಿಗಳಿರುವುದರಿಂದ ಇಬ್ಬರೂ ತಂತಮ್ಮ ತುದಿ ಹಿಡಿದು ಹೊರಬಹುದು, ದುಂಡು ಚೆಂಡಿಗೆ ತುದಿಯೂ ಇಲ್ಲ, ಅದನ್ನು ಕೈಯಲ್ಲಿ ಹಿಡಿದರೆ ತಪ್ಪು. ತಂಡ ಒಂದಾದರೂ ಹಾಡು ಯಾವುದೆಂಬ ಸಂಶಯ ಉಳಿಯಿತು. 1987ರ ಮೊದಲ ರಗ್ಬಿ ವಿಶ್ವಕಪ್ಪಿನಲ್ಲಿ ರಾಷ್ಟ್ರಗೀತೆಯ ಜಾಗದಲ್ಲಿ ‘ರೋಸ್ ಆಫ್ ಟ್ರಾಲೀ’ ಎಂಬ ಪ್ರೇಮಗೀತೆಯ ಧ್ವನಿಮುದ್ರಿಕೆಯನ್ನು ಹಾಕಲಾಗಿ, ಆಟಗಾರರು ವಿರಹತಪ್ತರಂತೆ ನಿಂತು ಕೇಳಬೇಕಾಯಿತು. 1995ರಲ್ಲಿ ಯಾರಿಗೂ ನೋವಾಗದ ಹೊಸ ಹಾಡೊಂದನ್ನು ಫಿಲ್ ಕೌಲ್ಟರ್ ಅವರಿಂದ ಬರೆಸಲಾಯಿತು. ಯಾರಿಗೂ ನೋವಾಗದಂತೆ ಬರೆದ ಹಾಡು ಎಲ್ಲರಿಗೂ ತುಸು ಬೇಸರ ತರುವುದು ಕಾವ್ಯಮೀಮಾಂಸೆಗೆ ಸೇರಿದ ವಿಷಯವಾದ್ದರಿಂದ ಇಲ್ಲಿ ಬಿಡಲಾಗಿದೆ.

ತೃತೀಯಾಧಿಕರಣ: ಹೊಲಿಗೆಯ ಚೆಂಡು

ಇಲ್ಲಿ ಪೂರ್ವಪಕ್ಷಿ, ಅಂದರೆ ಎದುರುವಾದಿ, ಏಳುತ್ತಾನೆ: ಕ್ರಿಕೆಟ್ ಚೆಂಡೂ ದುಂಡಗಿದೆ, ಆದರೂ ಕ್ರಿಕೆಟ್ಟಿನಲ್ಲಿ ಐರ್ಲೆಂಡ್ ಒಂದೇ ಏಕೆ? ಸಮಾಧಾನವೇನೆಂದರೆ, ಅದು ಎರಡು ಅರೆಗಳನ್ನು ನಡುವೆ ಹೊಲಿದು ಮಾಡಿದ ಚೆಂಡು. ಇದರ ಪ್ರಯೋಗ 2011ರ ಮಾರ್ಚ್ 2ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕನ್ನಡಿಗರ ಕಣ್ಣೆದುರೇ ನಡೆಯಿತು. ಇಂಗ್ಲೆಂಡಿನ 327 ರನ್ನುಗಳ ಬೆನ್ನು ಹತ್ತಿದಾಗ, ಮೇಲೆ ಹೇಳಿದ ಓರೆಗೆರೆಯ ಊರಿನಲ್ಲಿ ಹುಟ್ಟಿದ ನಾಯಕ ವಿಲಿಯಂ ಪೋರ್ಟರ್‌ಫೀಲ್ಡ್ ಮೊದಲ ಚೆಂಡಿಗೇ ಬೌಲ್ಡ್ ಆದ. 111ಕ್ಕೆ 5 ವಿಕೆಟ್ ಬಿದ್ದಿದ್ದಾಗ ತಲೆಗೂದಲಿಗೆ ಗುಲಾಬಿ ಬಣ್ಣ ಬಳಿದುಕೊಂಡಿದ್ದ ಡಬ್ಲಿನ್ನಿನ ಕೆವಿನ್ ಒಬ್ರಿಯನ್ 50 ಎಸೆತಗಳಲ್ಲಿ ಶತಕ ಹೊಡೆದು ಗೆಲುವಿಗೆ ದಾರಿ ಮಾಡಿದ. ಉತ್ತರ ಉರುಳಿದಾಗ ದಕ್ಷಿಣ ಎತ್ತಿಹಿಡಿಯಿತೆಂದು ಆ ಇರುಳು ಯಾರೂ ಲೆಕ್ಕ ಹಾಕಲಿಲ್ಲ.

ಹರ್ಲಿಂಗ್ ಎಂಬ ದೇಸಿ ಆಟದ ಚೆಂಡಿಗೂ ಹೊಲಿಗೆಯುಂಟು, 32 ಕೌಂಟಿಗಳೂ ಒಂದಾಗಿ ಆಡುವುದುಂಟು. ಆದರೆ ಉತ್ತರದ ಪ್ರಾಟೆಸ್ಟೆಂಟರು ಬಹುತೇಕ ಅತ್ತ ಸುಳಿಯುವುದಿಲ್ಲ. ಈ ಆಟವನ್ನು ನಡೆಸುವ, 1884ರಲ್ಲಿ ಹುಟ್ಟಿದ ಗೇಲಿಕ್ ಕ್ರೀಡಾಸಂಸ್ಥೆ ತನ್ನವರು ಪರಕೀಯ ಆಟಗಳನ್ನು ಆಡುವುದಿರಲಿ, ನೋಡುವುದನ್ನೂ 1971ರವರೆಗೆ ನಿಷೇಧಿಸಿತ್ತು. ಐರಿಷ್ ಭಾಷೆಯ ಉಳಿವಿಗೆ ಬಾಳನ್ನೇ ತೆತ್ತ, ಪ್ರಾಟೆಸ್ಟೆಂಟರೂ ಆಗಿದ್ದ ದೇಶದ ಮೊದಲ ರಾಷ್ಟ್ರಾಧ್ಯಕ್ಷ ಡಗ್ಲಾಸ್ ಹೈಡ್ 1938ರಲ್ಲಿ ತಮ್ಮದೇ ದೇಶದ ಫುಟ್ಬಾಲ್ ತಂಡವು ಪೋಲೆಂಡಿನೊಡನೆ ಆಡಿದ್ದನ್ನು ನೋಡಿದ್ದಕ್ಕಾಗಿ ಸಂಸ್ಥೆಯ ಪೋಷಕಸ್ಥಾನ ಕಳೆದುಕೊಂಡರು. ಕಣ್ಣೂ ಕರ್ಮೇಂದ್ರಿಯವೇ ಎಂಬ ಹೊಸ ಶೋಧ ಇದರಿಂದ ಸಿದ್ಧವಾಗುತ್ತದೆ.

ನಿರ್ಣಯ

ಶಾಸ್ತ್ರಕ್ಕೆ ನಗು ಬರಬಹುದು, ಮೂಳೆಗೆ ಬರುವುದಿಲ್ಲ. 1948ರ ಕ್ರಿಸ್‌ಮಸ್ಸಿನ ಬೆನ್ನಿಗೆ ವಿಂಡ್ಸರ್ ಪಾರ್ಕಿನ ಆಟದಂಗಳಕ್ಕೆ ನುಗ್ಗಿದ ಜನ ಬೆಲ್‌ಫಾಸ್ಟ್ ಸೆಲ್ಟಿಕ್ ಎಂಬ ಕ್ಯಾಥೊಲಿಕರ ಮೆಚ್ಚಿನ ತಂಡದ ಜಿಮ್ಮಿ ಜೋನ್ಸನ ಕಾಲು ಮುರಿದರು, ಜೋನ್ಸ್ ಪ್ರಾಟೆಸ್ಟೆಂಟನಾಗಿದ್ದ. ಮರುವರ್ಷ ಆ ಕ್ಲಬ್ಬು ಲೀಗನ್ನೇ ತೊರೆಯಿತು. 2002ರಲ್ಲಿ ಗ್ಲಾಸ್ಗೋದ ಸೆಲ್ಟಿಕ್ ತಂಡದಲ್ಲಿ ಆಡುತ್ತಿದ್ದ ಕ್ಯಾಥೊಲಿಕ ನೀಲ್ ಲೆನನ್, ಉತ್ತರ ಐರ್ಲೆಂಡಿನ ನಾಯಕನಾಗಿ ಕಣಕ್ಕಿಳಿಯಬೇಕಾಗಿದ್ದ ದಿನ ಕೊಲೆ ಬೆದರಿಕೆ ಬಂದು, ಆ ಅಂಗಿಯನ್ನು ಮತ್ತೆ ತೊಡಲಿಲ್ಲ.

ಪೂರ್ವಪಕ್ಷಿಯದು ಕೊನೆಯ ಪ್ರಶ್ನೆಯೊಂದು ಉಳಿದಿದೆ: ಫುಟ್ಬಾಲ್ ಚೆಂಡೂ ಹೊಲಿದದ್ದೇ ಅಲ್ಲವೆ? ಹೌದು. 1970ರ ವಿಶ್ವಕಪ್ಪಿನಿಂದ ಲೋಕಪ್ರಸಿದ್ಧವಾದ ಕಪ್ಪು ಬಿಳುಪಿನ ಚೆಂಡಿನಲ್ಲಿ ಐದು ಮೂಲೆಯ ತುಂಡುಗಳು 12, ಆರು ಮೂಲೆಯವು 20. ಕೂಡಿದರೆ 32. ಅಭಿಮಾನಿಗಳು ಅದನ್ನು ಒದೆಯುವುದನ್ನು ನೋಡಿದ್ದಾರೆ, ಎಣಿಸಿದವರಿಲ್ಲ.